ಬೆಳ್ಳುಳ್ಳಿ ನೀರು ಬಿಟ್ಟರೂ ಹುಳ ಹೋಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತನಕ ಯಾರ ಹಿತ್ತಿಲಿಗೆ ಹೋದರೂ ಮಳೆ ಬಿಟ್ಟ ಮೇಲೆ ಅಲಸಂಡೆ, ಬೆಂಡೆ, ಹರಿವೆ, ಮುಳ್ಳುಸೌತೆ ಇದ್ದೇ ಇರುತ್ತದೆ. ಅದರ ಜೊತೆಗೆ ಒಂದು ದೂರೂ ಇರುತ್ತದೆ: "ಬೆಳ್ಳುಳ್ಳಿ ನೀರು ಬಿಟ್ಟೆ ಅಕ್ಕಾ, ಏನೂ ಆಗಲಿಲ್ಲ."

ಈ ದೂರನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಾಸರಗೋಡು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎನ್ನುವ ಕೀಟನಾಶಕ ಸುರಿದ ಜಿಲ್ಲೆ. ಸುಮಾರು ಎರಡು ದಶಕ ನಡೆದ ಆ ಸಿಂಪಡಣೆ 2000ದ ಕೊನೆಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಆ ವಿಷಕ್ಕೆ ತಡೆ ಹಾಕಿತು. ಪಡ್ರೆ, ಎಣ್ಮಕಜೆ ಕಡೆಯ ಮನೆಗಳಲ್ಲಿ ಅದರ ನೋವು ಇನ್ನೂ ಇದೆ. ಹಾಗಾಗಿ ಇಲ್ಲಿನ ಜನ ತರಕಾರಿಗೆ ಬೆಳ್ಳುಳ್ಳಿ, ಬೇವು, ಗೋಮೂತ್ರ ಅಂತ ಹುಡುಕುವುದಕ್ಕೆ ಬಲವಾದ ಕಾರಣವಿದೆ. ಆದರೆ ಬೆಳ್ಳುಳ್ಳಿ ಎರಡು ಸಲ ಕೈಕೊಟ್ಟರೆ ಮೂರನೆಯ ಸಲ ಅದೇ ಜನ ಅಂಗಡಿಯ ಬಾಟಲಿಗೆ ಕೈ ಹಾಕುತ್ತಾರೆ. ಅದು ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಬೆಳ್ಳುಳ್ಳಿ ಮುಖ್ಯವಾಗಿ ಹುಳವನ್ನು ದೂರ ಇಡುವ ಮದ್ದು. ಮೈ ಮೆತ್ತಗಿರುವ ಸಣ್ಣ ಕೀಟಗಳಿಗೆ ಮಾತ್ರ ಅದರ ಪೆಟ್ಟು ನೇರವಾಗಿ ತಾಗುತ್ತದೆ. ಗಿಡದ ಒಳಗೆ ಹೊಕ್ಕ ಹುಳಕ್ಕೆ, ಬೇರಿಗೆ ಬಂದ ರೋಗಕ್ಕೆ, ವೈರಸ್ಸಿನಿಂದ ಬರುವ ನಂಜುರೋಗಕ್ಕೆ ಅದು ಏನೂ ಮಾಡಲಾರದು. ಆದ್ದರಿಂದ ಮದ್ದು ಕೆಲಸ ಮಾಡಲಿಲ್ಲ ಅನ್ನಿಸಿದಾಗ ಮೊದಲು ಗಿಡ ನೋಡಬೇಕು. ಆಮೇಲೆ ಮದ್ದು ಮಾಡಿದ ರೀತಿ, ಕೊನೆಗೆ ಅದನ್ನು ಬಿಟ್ಟ ಹೊತ್ತು. ಈ ಸಾಲು ತಪ್ಪಿಸಬೇಡಿ. ಜಾಸ್ತಿ ಜನ ನೇರವಾಗಿ "ಇನ್ನೂ ಖಾರವಾಗಿ ಮಾಡೋಣ" ಎಂದು ಬೆಳ್ಳುಳ್ಳಿ ಹೆಚ್ಚಿಸುತ್ತಾರೆ. ಅದರಿಂದ ಎಲೆ ಸುಡುತ್ತದೆ, ಹುಳ ಅಲ್ಲೇ ಇರುತ್ತದೆ.

ಮೊದಲು ಎಲೆ ಮಗುಚಿ ನೋಡಿ

ಅಲಸಂಡೆಯಿಂದ ಶುರು ಮಾಡೋಣ. ಕುಡಿಯಲ್ಲಿ, ಹೂವಿನ ತೊಟ್ಟಿನಲ್ಲಿ, ಎಳೆಕಾಯಿಯ ಮೇಲೆ ಕಪ್ಪಗೆ ಹೊಳೆಯುವ ಹೇನು ಮುತ್ತಿದ್ದರೆ ಬೆಳ್ಳುಳ್ಳಿಗೆ ಇದು ತಕ್ಕ ಕೆಲಸ. ಆದರೂ ಫಲ ಸಿಗುತ್ತಿಲ್ಲ ಎಂದರೆ ಬಳ್ಳಿಯ ಬುಡ ನೋಡಿ. ಇರುವೆಗಳು ಸಾಲಾಗಿ ಹತ್ತಿ ಇಳಿಯುತ್ತಿವೆಯೇ? ಹೇನು ಸಿಹಿಯಾದ ಅಂಟು ಬಿಡುತ್ತದೆ. ಇರುವೆಗೆ ಅದು ಬೇಕು. ಅದಕ್ಕಾಗಿ ಇರುವೆಗಳು ಹೇನನ್ನು ಕಾಯುತ್ತವೆ, ಹೊಸ ಕುಡಿಗೆ ಹೊತ್ತುಕೊಂಡು ಹೋಗುತ್ತವೆ, ಹೇನು ತಿನ್ನಲು ಬರುವ ಗುಲಗಂಜಿ ಹುಳದ ಮರಿಗಳನ್ನು ಓಡಿಸುತ್ತವೆ. ಇರುವೆಯ ದಾರಿ ತಪ್ಪಿಸದೆ ನೀವು ಮದ್ದು ಬಿಟ್ಟರೆ ನಾಲ್ಕು ದಿನಕ್ಕೆ ಹೇನು ಪುನಃ ಹಾಜರ್. ಬುಡದ ಸುತ್ತ ಒಲೆಯ ಬೂದಿ ಹಾಕಿ. ಚಪ್ಪರಕ್ಕೆ ತಾಗಿದ ಬೇರೆ ಗೆಲ್ಲುಗಳನ್ನು ಕಡಿಯಿರಿ. ಹೇನು ದಟ್ಟವಾಗಿ ಮುತ್ತಿದ ಕುಡಿಗಳನ್ನು ಚಿವುಟಿ ಸಾಬೂನು ನೀರಿನಲ್ಲಿ ಮುಳುಗಿಸಿ. ಉಳಿದ ಬಳ್ಳಿಗೆ ಮದ್ದು ಬಿಡಿ.

ಇನ್ನೊಂದು ವಿಷಯ. ಹೇನಿಗೆ ಮರಿ ಹಾಕಲು ಗಂಡು ಬೇಕಿಲ್ಲ. ನಮ್ಮ ಸೆಕೆಯಲ್ಲಿ ಇವತ್ತಿನ ಮರಿ ಸುಮಾರು ಒಂದು ವಾರದಲ್ಲಿ ತಾನೇ ಮರಿ ಹಾಕಲು ತೊಡಗುತ್ತದೆ. ಹಾಗಾಗಿ ಒಂದೇ ಸಲ ಮದ್ದು ಬಿಟ್ಟು ಸುಮ್ನೆ ಕೂತರೆ ಆಗುವುದಿಲ್ಲ. ಐದಾರು ದಿನ ಬಿಟ್ಟು ಪುನಃ ಬಿಡಲೇಬೇಕು.

ಬೆಂಡೆಯಲ್ಲಿ ನೋಡಬೇಕಾದ್ದು ಬೇರೆ. ಎಲೆಯ ಅಡಿಯಲ್ಲಿ ಬಿಳಿನೊಣ ಇದೆ, ಎಲೆ ಮಾತ್ರ ಹಸಿರಾಗಿದೆ ಎಂದರೆ ತಡವಾಗಿಲ್ಲ, ಬೆಳ್ಳುಳ್ಳಿ-ಬೇವು ಬಿಡಬಹುದು. ನರಗಳೆಲ್ಲ ಹಳದಿಯಾಗಿ ನಡುವೆ ಹಸಿರು ತುಂಡುಗಳು ಉಳಿದಿದ್ದರೆ ಅದು ಬಿಳಿನೊಣ ತಂದು ಹಾಕಿದ ನಂಜುರೋಗ. ಆ ಗಿಡಕ್ಕೆ ಯಾವ ಮದ್ದೂ ಇಲ್ಲ. ಕಿತ್ತು ಸುಡಿ. ಮನಸ್ಸು ಬರುವುದಿಲ್ಲ ನಿಜ, ಆದರೆ ಅದನ್ನು ಉಳಿಸಿಕೊಂಡರೆ ಪಕ್ಕದ ಸಾಲಿಗೂ ರೋಗ ಹೋಗುತ್ತದೆ.

ಮೆಣಸಿನ ಗಿಡದ ಎಲೆ ಮುರುಟಿದರೆ ಯಾವ ಕಡೆಗೆ ಮುರುಟಿದೆ ಎಂದು ನೋಡಿ. ಅಂಚು ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎನ್ನುವ ಸಣ್ಣ ಕೀಟದ ಕೆಲಸ. ಕೆಳಕ್ಕೆ ಮಡಚಿ, ಮಗುಚಿಟ್ಟ ದೋಣಿಯ ಹಾಗೆ ಆಗಿದ್ದರೆ ಮೈಟ್ ಎನ್ನುವ ನುಸಿ. ಎರಡಕ್ಕೂ ಬೆಳ್ಳುಳ್ಳಿ-ಬೇವಿನ ಮದ್ದು ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಇಲ್ಲಿ ಬಹಳ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಒಮ್ಮೆ ಮುರುಟಿದ ಎಲೆ ಪುನಃ ಬಿಡಿಸಿಕೊಳ್ಳುವುದಿಲ್ಲ. ಹಳೆಯ ಎಲೆ ನೋಡಿ "ಗುಣ ಆಗಲಿಲ್ಲ" ಎನ್ನಬೇಡಿ. ಮದ್ದು ಬಿಟ್ಟ ಮೇಲೆ ಬಂದ ಹೊಸ ಎಲೆ ಹೇಗಿದೆ ಎಂದು ನೋಡಿ.

ಬದನೆಯಲ್ಲಿ ಎರಡು ಬಗೆಯ ಬಾಡುವಿಕೆ ಇದೆ. ಒಂದೆರಡು ಕುಡಿ ಮಾತ್ರ ಜೋತು ಬಿದ್ದು, ಸೀಳಿದರೆ ಒಳಗೆ ಹುಳ ಕಂಡರೆ ಕುಡಿ ಮತ್ತು ಕಾಯಿ ಕೊರೆಯುವ ಹುಳ. ಬೆಳ್ಳುಳ್ಳಿ ನೀರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆ ಕುಡಿಯನ್ನು ಹುಳ ಇರುವ ಜಾಗದಿಂದ ಕೆಳಗೆ ಕತ್ತರಿಸಿ ಸುಡಿ. ಇಡೀ ಗಿಡ ಎಲೆ ಹಸಿರಿದ್ದಾಗಲೇ ಬಿಸಿನೀರು ಹೊಯ್ದ ಹಾಗೆ ಬಾಡಿದರೆ ಅದು ಮಣ್ಣಿನಿಂದ ಬಂದ ಸೊರಗು ರೋಗ. ಕಾಂಡದ ಒಂದು ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಹಾಲಿನಂಥ ನೂಲು ಇಳಿದರೆ ಬೇರೆ ಪರೀಕ್ಷೆಯೇ ಬೇಡ. ನಮ್ಮ ಹುಳಿ ಗುಣದ ಮುರಕಲ್ಲಿನ ಮಣ್ಣಿನಲ್ಲಿ ಈ ರೋಗ ಜಾಸ್ತಿ. ಮುಂದಿನ ಸಲ ಸುಣ್ಣ ಸೇರಿಸಿ, ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತಾ, ಹರಿತಾದಂಥ ತಾಳಿಕೊಳ್ಳುವ ತಳಿ ನೆಡಿ.

ಹಾಗಲ, ಪಡುವಲ, ಮುಳ್ಳುಸೌತೆಯ ಎಳೆಕಾಯಿ ಹಳದಿಯಾಗಿ ಕೊಳೆತು ಉದುರಿದರೆ ಹಣ್ಣುನೊಣ. ಮೊಟ್ಟೆ ಸಿಪ್ಪೆಯ ಒಳಗೆ ಹೋಗಿ ಆಗಿದೆ, ಮೇಲೆ ಎಷ್ಟು ಬೆಳ್ಳುಳ್ಳಿ ಬಿಟ್ಟರೂ ವ್ಯರ್ಥ. ಕಾಯಿ ಬೆರಳಿನಷ್ಟಿರುವಾಗಲೇ ಕಾಗದ ಸುತ್ತಿ ಕಟ್ಟುವುದು ನಮ್ಮ ಹಿರಿಯರ ದಾರಿ, ಅದೇ ಒಳ್ಳೆಯದು. ಉದುರಿದ ಕಾಯಿಯನ್ನು ಅಲ್ಲೇ ಬಿಡಬೇಡಿ. ಗಟ್ಟಿ ರೆಕ್ಕೆಯ ದುಂಬಿಗಳಿಗೂ ಈ ಮದ್ದು ಅಷ್ಟಕ್ಕಷ್ಟೆ. ಬೆಳಿಗ್ಗೆ ಅವು ಮಂಕಾಗಿ ಕೂತಿರುವಾಗ ಕೈಯಿಂದ ಹಿಡಿದು ಸಾಬೂನು ನೀರಿಗೆ ಹಾಕಿ.

ಅಡಿಕೆಯ ಕೊಳೆರೋಗಕ್ಕೆ ಬೆಳ್ಳುಳ್ಳಿ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಅದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೇ ಸರಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ.

ಮದ್ದು ಮಾಡುವಲ್ಲಿ ತಪ್ಪಿತೇ?

ಹುಳ ಸರಿಯಾದದ್ದೇ, ಆದರೂ ಫಲವಿಲ್ಲ ಎಂದಾದರೆ ಅಡುಗೆಮನೆಗೆ ಬನ್ನಿ. ನಾನು ನೋಡಿದಂತೆ ದೊಡ್ಡ ದೋಷ ಇಲ್ಲೇ ಇರುತ್ತದೆ: ಬೆಳ್ಳುಳ್ಳಿಯನ್ನು ಕುದಿಸುವುದು.

ಇಡಿಯಾದ ಬೆಳ್ಳುಳ್ಳಿ ಎಸಳಿಗೆ ಅಷ್ಟೇನೂ ವಾಸನೆ ಇಲ್ಲ, ಗಮನಿಸಿದ್ದೀರಾ? ಅದರೊಳಗೆ ಅಲ್ಲಿಯಿನ್ ಎನ್ನುವ ವಸ್ತು ಒಂದು ಕಡೆ, ಅಲ್ಲಿನೇಸ್ ಎನ್ನುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇರುತ್ತವೆ. ಜಜ್ಜಿದಾಗ ಎರಡೂ ಸೇರುತ್ತವೆ, ಆಗ ಅಲ್ಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಅದರದ್ದೇ. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಕಿಣ್ವ ಬಿಸಿಗೆ ಸಾಯುತ್ತದೆ. ಇಡೀ ಎಸಳನ್ನು ಕುದಿಯುವ ನೀರಿಗೆ ಹಾಕಿದರೆ ಅಲ್ಲಿಸಿನ್ ಹುಟ್ಟುವುದೇ ಇಲ್ಲ. ವಿನೆಗರಿನಂಥ ಹುಳಿಯಲ್ಲಿ ನೇರವಾಗಿ ಅರೆದರೂ ಹಾಗೆಯೇ. ಆದ್ದರಿಂದ ತಣ್ಣೀರಿನಲ್ಲಿ ನುಣ್ಣಗೆ ಅರೆಯಿರಿ, ಹತ್ತು ನಿಮಿಷ ಹಾಗೇ ಬಿಡಿ, ಆಮೇಲೆ ಉಳಿದದ್ದನ್ನು ಸೇರಿಸಿ. ಕಲ್ಲಿನಲ್ಲಿ ಅರೆದರೂ ಆದೀತು, ಮಿಕ್ಸಿಯಾದರೂ ಆದೀತು. ಚೂರು ಚೂರಾಗಿ ಕೊಚ್ಚಿ ನೀರಿಗೆ ಹಾಕಿದರೆ ಸಾಲದು.

ಅಳತೆಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ಬೇವಿನೆಣ್ಣೆ-ಬೆಳ್ಳುಳ್ಳಿ ಮಿಶ್ರಣವನ್ನೇ ಹಿಡಿಯಿರಿ. 10 ಲೀಟರ್ ಮದ್ದಿಗೆ 200 ಗ್ರಾಂ ಬೆಳ್ಳುಳ್ಳಿ, 200 ಮಿಲಿ ಬೇವಿನೆಣ್ಣೆ, 50 ಗ್ರಾಂ ಸಾದಾ ಬಾರ್ ಸೋಪು. ಸೋಪನ್ನು ತುರಿದು 500 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ಆ ಸೋಪು ನೀರನ್ನು ಬೇವಿನೆಣ್ಣೆಗೆ ಸ್ವಲ್ಪ ಸ್ವಲ್ಪವೇ ಹೊಯ್ಯುತ್ತಾ ಜೋರಾಗಿ ಕಡೆಯಿರಿ. ಬೆಳ್ಳುಳ್ಳಿಯ ರಸವನ್ನು 300 ಮಿಲಿ ನೀರಿನಲ್ಲಿ ತೆಗೆದು, ಸೋಸಿ ಅದಕ್ಕೆ ಸೇರಿಸಿ. ಕೊನೆಗೆ 9 ಲೀಟರ್ ನೀರು. ಸಣ್ಣ ಹಿತ್ತಿಲಿಗೆ ಇದರ ಹತ್ತರಲ್ಲಿ ಒಂದು ಪಾಲು ಮಾಡಿದರೆ ಸಾಕು. ಬೆಳ್ಳುಳ್ಳಿಯನ್ನು ಎಸಳಿನ ಲೆಕ್ಕದಲ್ಲಿ ಹಾಕಬೇಡಿ, ತೂಗಿ ಹಾಕಿ. ಒಂದು ಗೆಡ್ಡೆಯ ಎಸಳು ದಪ್ಪ, ಇನ್ನೊಂದರದ್ದು ಸಪೂರ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಒಳಗೆ ಪೊಳ್ಳಾದದ್ದನ್ನು ಬಿಸಾಡಿ. ಮೊಳಕೆ ಬಂದದ್ದಾದರೂ ಗಟ್ಟಿಯಿದ್ದರೆ ಮದ್ದಿಗೆ ಆಗುತ್ತದೆ.

ಮಾಡಿದ ಮದ್ದಿನ ಮೇಲೆ ಎಣ್ಣೆ ತೇಲುತ್ತಿದೆಯೇ? ಹಾಗಾದರೆ ಅದು ಒಡೆದಿದೆ. ಬಿಟ್ಟರೆ ಮೊದಲಿಗೆ ಬರೀ ನೀರು, ಕೊನೆಗೆ ಬರೀ ಎಣ್ಣೆ ಬರುತ್ತದೆ. ಕಾರಣ ಒಂದೋ ಎಣ್ಣೆಯನ್ನು ನೀರಿಗೆ ಒಮ್ಮೆಲೇ ಸುರಿದಿದ್ದೀರಿ, ಇಲ್ಲವೇ ನಿಮ್ಮ ನೀರು ಸರಿಯಿಲ್ಲ. ಮೊಗ್ರಾಲ್, ಉಪ್ಪಳ, ಮಂಜೇಶ್ವರದ ಕರಾವಳಿ ಬದಿಯಲ್ಲಿ ಬೇಸಿಗೆಗೆ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಅದರಲ್ಲಿ ಸೋಪು ನೊರೆ ಬರುವುದಿಲ್ಲ, ಮೊಸರಿನಂತೆ ಗಂಟು ಕಟ್ಟುತ್ತದೆ. ಕೈ ತೊಳೆಯುವಾಗಲೇ ನೊರೆ ಬಾರದ ನೀರಿನಲ್ಲಿ ಮದ್ದು ಕಲಸಬೇಡಿ. ಬೇರೆ ಸಿಹಿನೀರು ತನ್ನಿ. ಒಳನಾಡಿನಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇರುವವರಿಗೆ ಈ ಚಿಂತೆ ಇಲ್ಲ, ಮುರಕಲ್ಲಿನೊಳಗಿಂದ ಬರುವ ಆ ನೀರು ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡವೇ ಬೇಡ. ಅದು ಎಳೆ ಎಲೆಯನ್ನು ಸುಡುತ್ತದೆ.

ಮದ್ದು ಮಾಡಿದ ದಿನವೇ ಬಿಟ್ಟು ಮುಗಿಸಿ. ಅಲ್ಲಿಸಿನ್ ಹೆಚ್ಚು ಹೊತ್ತು ನಿಲ್ಲುವ ವಸ್ತು ಅಲ್ಲ, ತಾನಾಗಿ ಒಡೆದು ಬೇರೆ ಗಂಧಕದ ವಸ್ತುಗಳಾಗುತ್ತದೆ. ವಾರದ ಹಿಂದಿನ ಬಾಟಲಿಯಲ್ಲಿ ನಾತ ಇರುತ್ತದೆ, ಮೊದಲಿನ ಕಸುವು ಇರುವುದಿಲ್ಲ.

ಬಿಡುವ ಹೊತ್ತು, ಬಿಡುವ ಜಾಗ

ಸಂಜೆ ಬಿಸಿಲು ಇಳಿದ ಮೇಲೆ ಬಿಡಿ. ಬಿಸಿಲಿಗೆ ಬೇವೂ ಬೆಳ್ಳುಳ್ಳಿಯೂ ಬೇಗ ಸತ್ತ್ವ ಕಳೆದುಕೊಳ್ಳುತ್ತವೆ, ಎಲೆ ಸುಡುವ ಭಯವೂ ಇದೆ. ಇನ್ನೊಂದು ಕಾರಣ ಜೇನು. ಬೆಳಿಗ್ಗೆ ಸೌತೆ, ಹಾಗಲದ ಹೂವಿಗೆ ತೊಡುವೆ ಜೇನು ಬರುವ ಹೊತ್ತಿನಲ್ಲಿ ಎಣ್ಣೆ-ಸೋಪಿನ ಮದ್ದು ಬಿಟ್ಟರೆ ಪರಾಗ ಕೆಲಸವೇ ನಿಂತು ಹೋದೀತು. ಬೆಳ್ಳುಳ್ಳಿಗೆ ಒಳ್ಳೆಯ ಹುಳ ಯಾವುದು, ಕೆಟ್ಟ ಹುಳ ಯಾವುದು ಎಂದು ತಿಳಿಯುವುದಿಲ್ಲ.

ಪಂಪಿನ ಮೂತಿ ಎಲೆಯ ಅಡಿಗೆ ಹೋಗಬೇಕು. ಹೇನು, ಬಿಳಿನೊಣ, ನುಸಿ ಎಲ್ಲವೂ ಜಾಸ್ತಿ ಇರುವುದು ಅಲ್ಲೇ. ಮೇಲಿನಿಂದ ಮಾತ್ರ ಬಿಟ್ಟರೆ ಗಿಡಕ್ಕೆ ಸ್ನಾನ ಮಾಡಿಸಿದ ಹಾಗೆ ಆಗುತ್ತದೆ, ಅಷ್ಟೆ. ಮೂತಿ ಆಗಾಗ ಕಟ್ಟಿಕೊಳ್ಳುತ್ತಿದ್ದರೆ ರಸವನ್ನು ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆಯಲ್ಲಿ ಇದನ್ನು ಬಿಡುವುದು ಹಣ ದಂಡ. ಒಂದು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ. ಆ ದಿನಗಳಲ್ಲಿ ಕೈಯಿಂದ ಹುಳ ಹೆಕ್ಕುವುದು, ಕೆಟ್ಟ ಎಲೆ ತೆಗೆಯುವುದು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡುವುದು ಮೇಲು.

ಮದ್ದು ಬಿಟ್ಟ ಮರುದಿನ ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಮದ್ದು ದಪ್ಪವಾಗಿತ್ತು, ಅಥವಾ ಬಿಸಿಲಿನಲ್ಲಿ ಬಿಟ್ಟಿದ್ದೀರಿ, ಅಥವಾ ಎಣ್ಣೆ ಒಡೆದಿತ್ತು. ಕೂಡಲೇ ತಿಳಿನೀರಿನಿಂದ ತೊಳೆಯಿರಿ. ಎಲೆ ಸುಡದೆ ಕುಡಿಗಳೆಲ್ಲ ತಿರುಚಿ, ಸಪೂರವಾಗಿ, ವಿಕಾರವಾಗಿ ಬೆಳೆಯತೊಡಗಿದರೆ ಬೆಳ್ಳುಳ್ಳಿಯನ್ನು ದೂರಬೇಡಿ, ಪಂಪನ್ನು ಸಂಶಯಿಸಿ. ತೋಟದ ಕಳೆನಾಶಕ ಬಿಟ್ಟ ಪಂಪನ್ನೇ ತಂದಿದ್ದೀರಾ ಎಂದು ಮನೆಯವರಲ್ಲಿ ಕೇಳಿ. ಎಷ್ಟು ತೊಳೆದರೂ ಅದರಲ್ಲಿ ಸ್ವಲ್ಪ ಉಳಿಯುತ್ತದೆ, ತರಕಾರಿ ಗಿಡಕ್ಕೆ ಆ ಸ್ವಲ್ಪವೇ ಸಾಕು. ತರಕಾರಿಗೆ ಬೇರೆಯೇ ಒಂದು ಸಣ್ಣ ಕೈಪಂಪು ಇಟ್ಟುಕೊಳ್ಳಿ. ಯಾವ ಗಿಡಕ್ಕೇ ಆಗಲಿ, ಮೊದಲ ಸಲ ಒಂದೆರಡು ಎಲೆಗೆ ಮಾತ್ರ ಬಿಟ್ಟು ಒಂದು ದಿನ ಕಾದು ನೋಡುವುದು ಜಾಣತನ.

ಮನೆಯೊಳಗೆ ಫಲ ಕೊಡದಿದ್ದರೆ

ಕುಚ್ಚಲಕ್ಕಿ ಡಬ್ಬಿಯಲ್ಲಿ ಬೆಳ್ಳುಳ್ಳಿ ಎಸಳು ಇಟ್ಟರೂ ಸೊಂಡಿಲಿನ ಸಣ್ಣ ಹುಳ ಬರುತ್ತಿದೆ ಎಂದರೆ, ಆ ಹುಳ ಕಾಳಿನ ಒಳಗೇ ಮೊಟ್ಟೆ ಇಟ್ಟು ಅಕ್ಕಿಯ ಜೊತೆಗೇ ಮನೆಗೆ ಬಂದಿದೆ. ಹೊರಗೆ ಇಟ್ಟ ಇಡೀ ಎಸಳಿನ ವಾಸನೆ ಒಳಗಿರುವ ಮರಿಗೆ ತಾಗುವುದಿಲ್ಲ. ಸಿಪ್ಪೆ ತೆಗೆದ ಹಸಿ ಎಸಳು ಇಟ್ಟರೆ ತೇವ ಬಂದು ಬೂಷ್ಟು ಬರುತ್ತದೆ. ಅಕ್ಕಿಯನ್ನು ಗಾಳಿಸಿ, ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಸಿ. ಒಮ್ಮೆಗೆ ಕಡಿಮೆ ತನ್ನಿ.

ಬೆಳ್ಳುಳ್ಳಿ ತಿಂದರೆ ಸೊಳ್ಳೆ ಕಚ್ಚುವುದಿಲ್ಲ ಎನ್ನುವ ಮಾತಿಗೆ ಆಧಾರ ಸಿಕ್ಕಿಲ್ಲ. ಡೆಂಗ್ಯೂ ಸೊಳ್ಳೆ ಹುಟ್ಟುವುದು ನಮ್ಮ ತೋಟದಲ್ಲೇ: ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರದ ಚಿಪ್ಪು, ಹಳೆಯ ಟಯರು. ವಾರಕ್ಕೊಮ್ಮೆ ಇವುಗಳ ನೀರು ಚೆಲ್ಲಿ.

ಹಾವು ಬಾರದ ಹಾಗೆ ಮನೆ ಸುತ್ತ ಬೆಳ್ಳುಳ್ಳಿ-ಇಂಗಿನ ನೀರು ಹಾಕುವ ರೂಢಿ ನಮ್ಮ ಊರುಗಳಲ್ಲಿದೆ. ಅದನ್ನು ನಂಬಿ ಕತ್ತಲಲ್ಲಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ. ಹಾವು ಬರುವುದು ಇಲಿಗಾಗಿ, ಕಲ್ಲುರಾಶಿಗಾಗಿ, ಸೌದೆ ಕೊಟ್ಟಿಗೆಯ ತಂಪಿಗಾಗಿ. ಅವನ್ನು ಸರಿಮಾಡಿ. ಕಚ್ಚಿದರೆ ಬೆಳ್ಳುಳ್ಳಿ ಅರೆದು ಹಚ್ಚುತ್ತಾ ಹೊತ್ತು ಕಳೆಯದೆ ವಿಷಮದ್ದು ಇರುವ ಆಸ್ಪತ್ರೆಗೆ ಓಡಿ.

ಮೈಗೆ ಬಳಸುವಾಗ ಬರುವ ತೊಂದರೆಗಳು

ಒಗ್ಗರಣೆಯ ಬೆಳ್ಳುಳ್ಳಿ ಬೇರೆ, ಮದ್ದಿನ ಬೆಳ್ಳುಳ್ಳಿ ಬೇರೆ. ಶೀತ, ಗಂಟಲು ಕೆರೆತಕ್ಕೆ ಬಿಸಿ ಸಾರಿನಲ್ಲಿ ನಾಲ್ಕು ಎಸಳು ಹಾಕಿ ಕುಡಿದರೆ ಹಿತವಾಗುತ್ತದೆ, ತೊಂದರೆಯೂ ಇಲ್ಲ. ಜೇನಿನಲ್ಲಿ ಬೆಳ್ಳುಳ್ಳಿ ಕೊಡುವವರು ಒಂದು ವರ್ಷದ ಒಳಗಿನ ಮಗುವಿಗೆ ಕೊಡಬೇಡಿ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಎನ್ನುವ ಮಾರಕ ವಿಷಬಾಧೆಯ ಬೀಜಾಣುವನ್ನು ಆ ವಯಸ್ಸಿನ ಹೊಟ್ಟೆ ತಡೆಯಲಾರದು.

ಹಸಿ ಬೆಳ್ಳುಳ್ಳಿ ಅರೆದು ಚರ್ಮಕ್ಕೆ ಕಟ್ಟಿದ ಜಾಗ ಕೆಂಪಾಗಿ ಬೊಕ್ಕೆ ಎದ್ದರೆ "ಮದ್ದು ಎಳೆಯುತ್ತಿದೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದು ಸುಟ್ಟ ಗಾಯ. ಹುಳಗಳನ್ನು ಓಡಿಸುವ ಅದೇ ಘಾಟು ಚರ್ಮವನ್ನೂ ಸುಡುತ್ತದೆ. ಕೂಡಲೇ ತೆಗೆದು ತಣ್ಣೀರು ಹೊಯ್ಯಿರಿ. ಮಕ್ಕಳ ಎದೆಗೆ, ಅಂಗಾಲಿಗೆ ಕಟ್ಟುವುದನ್ನು ಬಿಟ್ಟೇಬಿಡಿ. ಕಿವಿನೋವಿಗೆ ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆ ಬಿಡುವುದು ಹಳೆಯ ಅಭ್ಯಾಸ. ಕಿವಿ ಸೋರುತ್ತಿದ್ದರೆ ತಮಟೆ ತೂತಾಗಿರಬಹುದು, ಆಗ ಎಣ್ಣೆ ಒಳಗೆ ಹೋಗಿ ತೊಂದರೆ ಹೆಚ್ಚುತ್ತದೆ. ವೈದ್ಯರು ಕಿವಿ ನೋಡುವ ಮೊದಲು ಏನೂ ಬಿಡಬೇಡಿ.

ಅಂಥ ಎಣ್ಣೆಯನ್ನು ಅಡುಗೆಗೆಂದು ಬಾಟಲಿಯಲ್ಲಿ ತುಂಬಿ ತಿಂಗಳುಗಟ್ಟಲೆ ಹೊರಗೆ ಇಡುವುದು ಇನ್ನೂ ದೊಡ್ಡ ಅಪಾಯ. ಎಣ್ಣೆಯ ಒಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ, ನಮ್ಮ ಹವೆ ಬೆಚ್ಚಗೆ. ಬೊಟುಲಿಸಂ ವಿಷ ಹುಟ್ಟಲು ಇಷ್ಟು ಸಾಕು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದ 36 ಮಂದಿ ಇದರಿಂದಲೇ ಹಾಸಿಗೆ ಹಿಡಿದರು. ರುಚಿಯಲ್ಲಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ದಿನಾ ಹಸಿ ಬೆಳ್ಳುಳ್ಳಿ ಜಾಸ್ತಿ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು, ಆಪರೇಷನ್ ಇದ್ದರೆ ಕೆಲವು ದಿನ ಮೊದಲೇ ಹೇಳಬೇಕು. ರಕ್ತ ಹೆಪ್ಪುಗಟ್ಟುವುದನ್ನು ಬೆಳ್ಳುಳ್ಳಿಯೂ ತಡೆಯುತ್ತದೆ. ಬಿಪಿ ಮಾತ್ರೆಯ ಬದಲಿಗೆ ಅದನ್ನು ನಂಬಬೇಡಿ. ನಾಯಿ, ಬೆಕ್ಕಿಗೆ ಬೆಳ್ಳುಳ್ಳಿ ವಿಷ. ಅವುಗಳ ಕೆಂಪು ರಕ್ತಕಣ ಒಡೆಯುತ್ತದೆ. ಅರೆದು ಸೋಸಿದ ಚರಟವನ್ನು ಅವು ನೆಕ್ಕುವಲ್ಲಿ ಚೆಲ್ಲದೆ ಮಣ್ಣಿನಲ್ಲಿ ಹೂಳಿ.

ಇಷ್ಟೆಲ್ಲ ನೋಡಿದರೂ ಗಿಡದ ದೋಷ ತಿಳಿಯದಿದ್ದರೆ

ಕೆಟ್ಟ ಎಲೆ, ಸ್ವಲ್ಪ ಚೆನ್ನಾಗಿರುವ ಎಲೆ, ಆಗುವುದಾದರೆ ಹುಳವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಅದೇ ದಿನ ನಿಮ್ಮ ಪಂಚಾಯತಿನ ಕೃಷಿ ಭವನಕ್ಕೆ ಒಯ್ಯಿರಿ. ಬುಡದಿಂದ ಬಾಡಿದ ಗಿಡವಾದರೆ ಬೇರು, ಮಣ್ಣು ಸಮೇತ ಕಿತ್ತು ತೆಗೆದುಕೊಂಡು ಹೋಗಿ. ಅಲ್ಲಿ ಬಗೆಹರಿಯದಿದ್ದರೆ ಕೂಡ್ಲಿನ ತೋಟಬೆಳೆ ಸಂಶೋಧನಾ ಕೇಂದ್ರದ ಕೃಷಿ ವಿಜ್ಞಾನ ಕೇಂದ್ರ, ದಕ್ಷಿಣದ ಕಡೆಯವರಿಗೆ ಪಿಲಿಕೋಡಿನ ಸಂಶೋಧನಾ ಕೇಂದ್ರ ಇದೆ. ಯಾವ ದಿನ ಏನು ಬಿಟ್ಟಿರಿ, ಎಷ್ಟು ಬಿಟ್ಟಿರಿ, ಆಮೇಲೆ ಮಳೆ ಬಂತೇ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರು ಕೇಳುವ ಮೊದಲ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದಂತೆ.